ವಿವರಣೆ ಸಿಕ್ಕ ಪಾಲು

ನೆಲಮಾಳಿಗೆಯಲ್ಲಿ ಹದಿನಾಲ್ಕು ರಟ್ಟಿನ ಪೆಟ್ಟಿಗೆ.
ತೊಂಬತ್ತು ವರ್ಷ ಕಳೆದಿದೆ, ಆದರೂ ಪುಟ ತೆರೆದರೆ
ಮೊದಲು ಹೊಗೆ, ಆಮೇಲೆ ಮೀನೆಣ್ಣೆ.
ಸ್ತವಾಂಗರ್ ಬಂದರಿನಲ್ಲಿದ್ದ ಸಾರ್ಡೀನ್ ಕಾರ್ಖಾನೆಯೊಂದರ
ಸಂಬಳದ ಪುಸ್ತಕಗಳು. ಸಾಲು ಸಾಲಾಗಿ ಓದಿ
ಕಂಪ್ಯೂಟರಿನ ಚೌಕಗಳಿಗೆ ಇಳಿಸುವುದು ನನ್ನ ಕೆಲಸ:
ವಯಸ್ಸು, ಓದಿದ ವರ್ಷ, ವಾರದ ಗಳಿಕೆ.
ಗಂಡಿಗೆ ಸೊನ್ನೆ, ಹೆಣ್ಣಿಗೆ ಒಂದು.
ಮೊದಲ ದಿನ ನಕ್ಕಿದ್ದೆ,
ಅಂತೂ ಇಲ್ಲೊಂದು ಕಡೆ ನಾವೇ ಹೆಚ್ಚು ಅಂತ.

ಗಂಡಸರಿಗೆ ಪೂರ್ತಿ ಹೆಸರಿದೆ, ಹುದ್ದೆಯಿದೆ:
ಹೊಗೆಗೂಡಿನ ಮೇಸ್ತ್ರಿ, ಡಬ್ಬಿ ಬೆಸೆಯುವವನು, ಕಾರಕೂನ.
ಹೆಣ್ಣುಮಕ್ಕಳಿಗೆ ಮೇಜಿನ ನಂಬರು.
ಬೆರಳುದ್ದದ ಮೀನನ್ನು ತಲೆ ಚುಚ್ಚಿ ಕಂಬಿಗೆ ಪೋಣಿಸಬೇಕು,
ಕಂಬಿಗೆ ಇಷ್ಟು ಎಂದು ಕೂಲಿ.
ಮೇಜು ಏಳು, ಮೂವತ್ತೆಂಟು ಕಂಬಿ.
ಮೇಜು ಒಂಬತ್ತು, ನಲವತ್ತನಾಲ್ಕು.
ಲೆಕ್ಕಕ್ಕುಂಟು, ಹೆಸರಿಗಿಲ್ಲ.

ಮೇಜು ಒಂಬತ್ತಕ್ಕೆ ಹೆಸರು ಬಂದದ್ದು ಮುಂಗಡದ ದೆಸೆಯಿಂದ.
ಸಾಲ ಕೊಡುವಾಗ ರುಜು ಬೇಕಲ್ಲ!
ಅಂಚಿನಲ್ಲಿ ಪೆನ್ಸಿಲ್ಲು, ವಕ್ರ ಅಕ್ಷರ:
'ಗುನ್ವೋರ್, ವಯಸ್ಸು ಹದಿನಾಲ್ಕು. ಆರು ಕ್ರೋನ.
ತಮ್ಮನ ಪುಸ್ತಕಕ್ಕೆ.'
ಮರುವರ್ಷದ ಆಗಸ್ಟಿನಲ್ಲಿ ಮತ್ತೆ ಅದೇ.
ಅದರಾಚೆಯ ವರ್ಷ ಎರಡು ಸಲ, ಒಮ್ಮೆ ಶುಲ್ಕ, ಒಮ್ಮೆ ಬೂಟು.
ಅವಳ ಓದು ಏಳು ವರ್ಷಕ್ಕೆ ನಿಂತಿತ್ತು.
ನನ್ನ ಹಾಳೆಯಲ್ಲಿ ಏಳಕ್ಕೆ ಚೌಕವಿದೆ,
ಅಂಚಿಗೆ ಇಲ್ಲ.
ಏನು ಮಾಡಲಿ ಅಂತ ಟೂರ್ಡಿಸ್‌ಗೆ ಫೋನು ಮಾಡಿದೆ.
ಸಂಶೋಧನೆ ಅವಳದು, ಒಳ್ಳೆಯ ಹೆಂಗಸು, ಸದಾ ಅವಸರ.
'ಅಂಚು ಬಿಡು,' ಅಂದಳು, 'ಎಲ್ಲರಿಗೂ ಅಂಚಿಲ್ಲವಲ್ಲ.'

ಹತ್ತನೆಯ ಪುಸ್ತಕದಲ್ಲಿ ಕೈಬರಹ ಬದಲಾಯಿತು.
ಮುತ್ತು ಜೋಡಿಸಿದ ಹಾಗೆ ಅಕ್ಷರ, ಗೆರೆ ದಾಟದ ಅಂಕಿ.
ಒಳರಟ್ಟಿನ ಮೇಲೆ ಹೊಸ ಕಾರಕೂನನ ಸಹಿ:
ಟೂರ್ಲೇಫ್, ಹತ್ತೊಂಬತ್ತು, ಓದು ಹನ್ನೆರಡು ವರ್ಷ.
ಅಡ್ಡಹೆಸರು ಗುನ್ವೋರಳದೇ.
ವಾರಕ್ಕೆ ನಲವತ್ತೆಂಟು ಕ್ರೋನ. ಅವಳದು ಹತ್ತೊಂಬತ್ತು.

ಕೈ ಕೀಲಿಮಣೆಯ ಮೇಲೇ ನಿಂತುಬಿಟ್ಟಿತು.
ಪ್ರತಿ ಶನಿವಾರ ಅಕ್ಕ ದುಡಿದದ್ದನ್ನು
ಆ ಮುತ್ತಿನಂಥ ಅಕ್ಷರದಲ್ಲಿ ಬರೆಯುತ್ತಿದ್ದವನು ಅವನು.
ಏನೆಂದು ಬರೆದ?
ಮೇಜು ಒಂಬತ್ತು.
ಅವಳ ಆರು ಕ್ರೋನಕ್ಕೆ ಕಲಿತ ಅಕ್ಷರ.

ಬೈಯಬೇಕು ಅನ್ನಿಸಿತು. ಆದರೆ ಫೆಬ್ರವರಿಯ ಒಂದು ವಾರ
ನಲವತ್ತೊಂದನ್ನು ಉಜ್ಜಿ ನಲವತ್ತಮೂರು ಮಾಡಿದ್ದಾನೆ.
ಕಾಗದ ಅಲ್ಲಿ ತೆಳುವಾಗಿದೆ,
ದೀಪಕ್ಕೆ ಹಿಡಿದರೆ ಬೆರಳು ಕಾಣುತ್ತದೆ.
ಎರಡು ಕಂಬಿ ಮೀನು.
ಎಣಿಕೆ ತಪ್ಪಿದ್ದೋ, ನಾಚಿಕೆಯೋ,
ಅಥವಾ ಆ ವಾರ ಅವಳಿಗೆ ಜ್ವರವಿತ್ತೋ.

ಮೊನ್ನೆ ಟೂರ್ಡಿಸ್ ಗೋಡೆಯ ಮೇಲೆ ಚಿತ್ರ ತೋರಿಸಿದಳು.
ಗಂಡು ಹೆಣ್ಣಿನ ಗಳಿಕೆಯ ಅಂತರದಲ್ಲಿ
ನೂರಕ್ಕೆ ಅರವತ್ತೆರಡು ಪಾಲು ಓದಿನಿಂದ ಬಂದದ್ದು,
ಅದಕ್ಕೆ ವಿವರಣೆ ಇದೆ.
ಉಳಿದ ಮೂವತ್ತೆಂಟಕ್ಕೆ ಇಲ್ಲ.
ಎಲ್ಲರೂ ಆ ಮೂವತ್ತೆಂಟರ ಮೇಲೆ ಬಿದ್ದರು,
ಕಾಫಿ ಆರುವ ತನಕ ಜಗಳ.
ನಾನು ಬಾಗಿಲ ಹತ್ತಿರದ ಕುರ್ಚಿಯಲ್ಲಿದ್ದೆ.
ನನ್ನನ್ನು ಕಾಡುತ್ತಿದ್ದದ್ದು ಆ ಅರವತ್ತೆರಡು.
ಅವನ ಓದು ಎಲ್ಲಿಂದ ಬಂತು ಅಂತ
ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ,
ಗಂಟೆ ಲೆಕ್ಕದವಳು ನಾನು, ಸಭೆಗೆ ಗಂಟೆ ಕೊಡುವುದಿಲ್ಲ.

ಇವತ್ತು ಹಾಳೆಯ ಬಲತುದಿಗೆ ಒಂದು ಕಂಬ ಸೇರಿಸಿದೆ.
ಹೆಸರು ಕೊಡು ಅಂತು ಯಂತ್ರ. ಅಂಚು ಅಂತ ಹೊಡೆದೆ.
ಆರು. ಆರು. ಒಂಬತ್ತೂವರೆ. ಬೂಟು.
ಕೆಂಪು ಗೆರೆ ಎಳೆಯಿತು: ಇಲ್ಲಿ ಅಂಕಿ ಮಾತ್ರ.
ಬೂಟನ್ನು ಹಾಗೇ ಬಿಟ್ಟೆ.

ಬಸ್ಸಿನಲ್ಲಿ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡ.
ನನ್ನ ಕೈಯಿರಬೇಕು.